ಪರಿಸರ ಪಾಠ ಗಟ್ಟಿ, ವಿಕಾಸದ ಪಾಠ ಅರ್ಧಂಬರ್ಧ: ಒಂದು ಸೃಷ್ಟಿವಾದಿ ಜೀವಶಾಸ್ತ್ರ ಕಿಟ್‌ನ ವಿಮರ್ಶೆ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕ್ರೈಸ್ತ ಕುಟುಂಬಗಳಿಗೆಂದು ಬರುವ ಹೈಸ್ಕೂಲ್ ಜೀವಶಾಸ್ತ್ರ ಸೆಟ್ ಇದು. ಅದರ ಕೊನೆಯ ಜೋಡಿ ಘಟಕ ‘ಪರಿಸರ ಮತ್ತು ಜೀವಿಗಳ ಮೂಲ’ವನ್ನು ಮಾತ್ರ ಇಲ್ಲಿ ನೋಡುತ್ತಿದ್ದೇವೆ. ಪಠ್ಯಪುಸ್ತಕ, ಪ್ರಯೋಗದ ಕೈಪಿಡಿ, ಉತ್ತರಪುಸ್ತಿಕೆ, ಜೊತೆಗೆ ಪುಟ್ಟ ಪೆಟ್ಟಿಗೆಯಲ್ಲಿ ಪ್ರಯೋಗದ ಸಾಮಾನು ಕೊಡುತ್ತಾರೆ. ನಿಲುವನ್ನು ಮುಚ್ಚಿಟ್ಟಿಲ್ಲ: ಭೂಮಿಗೆ ಸುಮಾರು 6,000 ವರ್ಷ, ಸೃಷ್ಟಿ ನಡೆದದ್ದು ಆರು ದಿನಗಳಲ್ಲಿ, ನೋಹನ ಕಾಲದ ಜಲಪ್ರಳಯ ಇಡೀ ಭೂಮಿಯನ್ನು ಆವರಿಸಿತ್ತು. ಇದನ್ನು ಒಪ್ಪುವ ಮನೆಯವರೂ ಕೇಳಬೇಕಾದ ಪ್ರಶ್ನೆ ಒಂದಿದೆ. ಇದನ್ನು ಓದಿದ ಹುಡುಗ ಅಥವಾ ಹುಡುಗಿಗೆ ಅಳೆದು, ಎಣಿಸಿ, ಆಮೇಲೆ ತೀರ್ಮಾನಕ್ಕೆ ಬರುವ ಅಭ್ಯಾಸ ಹತ್ತುತ್ತದೆಯೇ? ಪರಿಸರದ ಅಧ್ಯಾಯಗಳಲ್ಲಿ ಖಂಡಿತ ಹತ್ತುತ್ತದೆ. ಮೂಲದ ಅಧ್ಯಾಯಗಳಿಗೆ ಬಂದ ಕೂಡಲೇ ಪುಸ್ತಕ ಅಳೆಯುವುದನ್ನೇ ಬಿಡುತ್ತದೆ.

ಪರಿಸರದ ಭಾಗದ ಕ್ರಮ ಚೊಕ್ಕವಾಗಿದೆ. ಒಂಟಿ ಜೀವಿಯಿಂದ ಶುರುವಾಗಿ ಸಂತತಿ, ಸಮುದಾಯ, ಪರಿಸರ ವ್ಯವಸ್ಥೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಶಕ್ತಿ ಪಿರಮಿಡ್ಡಿನ ಲೆಕ್ಕವನ್ನು ವಿದ್ಯಾರ್ಥಿಯಿಂದಲೇ ಮಾಡಿಸುತ್ತಾರೆ: ಗಿಡಗಳಲ್ಲಿ 10,000 ಕಿಲೋಕ್ಯಾಲರಿ ಇದ್ದರೆ ಸಸ್ಯಾಹಾರಿಗೆ 1,000, ಅದನ್ನು ತಿನ್ನುವ ಪ್ರಾಣಿಗೆ 100. ಮೇಲಿನ ಹಂತಕ್ಕೆ ಹೋದಂತೆ ಶಕ್ತಿ ಕಡಿಮೆಯಾಗುತ್ತದೆ ಎಂದು ಪರಿಸರ ವಿಜ್ಞಾನಿ ಲಿಂಡೆಮನ್ 1942ರಲ್ಲಿ ತೋರಿಸಿಕೊಟ್ಟರು. ಪ್ರತಿ ಹಂತಕ್ಕೆ ಹತ್ತರಲ್ಲೊಂದು ಪಾಲು ಎಂಬುದನ್ನು ಪುಸ್ತಕ ಕಟ್ಟುನಿಟ್ಟಿನ ನಿಯಮದಂತೆ ಬರೆದಿರುವುದು ಸಣ್ಣ ದೋಷ. ನಿಜವಾದ ಪ್ರಮಾಣ ಸುಮಾರು ಶೇ. 5ರಿಂದ 20ರ ನಡುವೆ ಓಲಾಡುತ್ತದೆ. ಸಾರಜನಕ ಚಕ್ರದ ಚಿತ್ರ ಮಾತ್ರ ಎಷ್ಟೋ ದುಬಾರಿ ಪಠ್ಯಗಳಿಗಿಂತ ಚೆನ್ನಾಗಿದೆ.

ಪ್ರಯೋಗಗಳಿಗಾಗಿಯೇ ಈ ಭಾಗವನ್ನು ಕೊಳ್ಳಬಹುದು, ಆದರೆ ಕೈಪಿಡಿಯನ್ನು ಅಲ್ಲಲ್ಲಿ ತಿದ್ದಿಕೊಳ್ಳಬೇಕು. ಮುಚ್ಚಿದ ಜಾಡಿಯ ಪ್ರಯೋಗಕ್ಕೆ ಒಂದು ಲೀಟರಿನ ಜಾಡಿ, ತಳಕ್ಕೆ ಎರಡು ಸೆಂ.ಮೀ. ಮರಳು, ಮುಕ್ಕಾಲು ಭಾಗ ಕೊಳದ ನೀರು, ಹೈಡ್ರಿಲ್ಲಾ ಎಂಬ ನೀರಿನ ಗಿಡ ಒಂದು ಗೇಣು ಮತ್ತು ಐದು ಬಸವನಹುಳು ಹೇಳಿದ್ದಾರೆ. ಐದು ಹೆಚ್ಚಾಯಿತು. ರಾತ್ರಿ ದ್ಯುತಿಸಂಶ್ಲೇಷಣೆ ನಿಂತಾಗ ಗಿಡ, ಹುಳು, ಬ್ಯಾಕ್ಟೀರಿಯಾ ಎಲ್ಲವೂ ಆಮ್ಲಜನಕವನ್ನೇ ಬಳಸುತ್ತವೆ. ಹುಳು ಸತ್ತು ಕೊಳೆತರೆ ಇನ್ನಷ್ಟು ಆಮ್ಲಜನಕ ಹೋಗುತ್ತದೆ, ಮರಳು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಒಂದೆರಡು ಚಿಕ್ಕ ಹುಳು ಸಾಕು. ಕಿಟಕಿಯ ನೇರ ಬಿಸಿಲಿಗೂ ಇಡಬಾರದು. ಮುಚ್ಚಿದ ಗಾಜಿನೊಳಗೆ ನೀರು ಬೇಗ ಕಾಯುತ್ತದೆ. ನಲ್ಲಿ ನೀರು ಬಳಸಿದರೂ ಆದೀತು ಎಂಬ ಅಡಿಟಿಪ್ಪಣಿಯನ್ನು ನಂಬಬೇಡಿ. ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹಾರಿಹೋದೀತು, ನಲ್ಲಿ ನೀರಿಗೆ ಸೇರಿಸುವ ಇನ್ನೊಂದು ಕ್ರಿಮಿನಾಶಕ ಕ್ಲೋರಮೈನ್ ಹಾಗೆ ಹೋಗುವುದಿಲ್ಲ.

ಮಣ್ಣಿನ ಹುಳುಗಳನ್ನು ಇಳಿಸುವ ಬರ್ಲೀಸ್ ಫನಲ್ ಪ್ರಯೋಗ ಹಳೆಯ ಕಾಲದ್ದು, ಸೂಚನೆಯೂ ಹಳೆಯದೇ. ಎರಡು ಲೀಟರಿನ ಬಾಟಲಿಯನ್ನು ಕತ್ತರಿಸಿ ಬುಡಮೇಲಾಗಿ ಕೂರಿಸಬೇಕು, ಜಾಲರಿಯ ಮೇಲೆ ತರಗೆಲೆ, ಕೆಳಗೆ ಶೇ. 70ರ ಆಲ್ಕೊಹಾಲ್, ಮೇಲೆ ಬಲ್ಬು. ಯಾವ ಬಲ್ಬು ಎಂದು ಬರೆದಿಲ್ಲ. ಎಲ್‌ಇಡಿ ಹಾಕಿದರೆ ಫಲಿತಾಂಶ ಬರುವುದು ಕಷ್ಟ, ಏಕೆಂದರೆ ಹುಳುಗಳನ್ನು ಕೆಳಕ್ಕೆ ಓಡಿಸುವುದರಲ್ಲಿ ಬೆಳಕಿನಷ್ಟೇ ಪಾಲು ತರಗೆಲೆಯನ್ನು ಮೇಲಿನಿಂದ ಒಣಗಿಸುವ ಬಿಸಿಗೂ ಇದೆ. 40 ವಾಟ್‌ನ ತಂತಿ ಬಲ್ಬು, ಎಲೆಗಳಿಂದ 10–15 ಸೆಂ.ಮೀ. ಎತ್ತರದಲ್ಲಿ, ಎರಡು ಮೂರು ದಿನ. ಎಲೆಗೂ ಆಲ್ಕೊಹಾಲಿಗೂ ಬಲ್ಬು ತಾಗದಂತೆ ನೋಡಿಕೊಳ್ಳಿ.

ಚೌಕಟ್ಟಿನೊಳಗಿನ ಗಿಡ ಎಣಿಸಿ ಇಡೀ ಜಾಗದ ಅಂದಾಜು ಮಾಡುವ ಕ್ವಾಡ್ರಾಟ್ ಪಾಠದಲ್ಲಿ 50 ಸೆಂ.ಮೀ. ಚೌಕಟ್ಟನ್ನು ‘ಕಣ್ಣು ಮುಚ್ಚಿ ಎಸೆಯಿರಿ’ ಎನ್ನುತ್ತಾರೆ. ಎಸೆತ ಯಾದೃಚ್ಛಿಕವಲ್ಲ, ಕೈ ಸುಲಭದ ಜಾಗಕ್ಕೇ ಹೋಗುತ್ತದೆ. ಜಾಗಕ್ಕೆ ಎರಡು ಅಳತೆ ಪಟ್ಟಿ ಹಾಸಿ, ಚೀಟಿ ಎತ್ತಿ ಬಂದ ಸಂಖ್ಯೆಯ ಬಿಂದುವಿನಲ್ಲಿ ಚೌಕಟ್ಟು ಇಡಿ. ಅಂಚಿನ ಮೇಲೆ ಬಿದ್ದ ಗಿಡಗಳಲ್ಲಿ ಎರಡು ಬದಿಯವನ್ನಷ್ಟೇ ಎಣಿಸಿ. ಪ್ರಾಣಿಗಳ ಸಂಖ್ಯೆ ಅಂದಾಜು ಮಾಡಲು ಗುರುತು ಹಾಕಿ ಮತ್ತೆ ಹಿಡಿಯುವ ಲೆಕ್ಕವನ್ನು ಹುರುಳಿಕಾಳಿನಲ್ಲಿ ಮಾಡಿಸಿರುವುದು ಜಾಣತನ: 50 ಕಾಳಿಗೆ ಬಣ್ಣ ಹಚ್ಚಿ ಬೆರೆಸಿ, ಮತ್ತೆ ತೆಗೆದ 40ರಲ್ಲಿ 8 ಬಣ್ಣದವು ಬಂದರೆ ಒಟ್ಟು 250 ಎಂಬ ಅಂದಾಜು. ಸಣ್ಣ ಮಾದರಿಯಲ್ಲಿ ಅಂದಾಜು ಹೆಚ್ಚಾಗುವುದನ್ನು ಸರಿಪಡಿಸುವ ಚಾಪ್ಮನ್ ತಿದ್ದುಪಡಿ (ಮೂರೂ ಸಂಖ್ಯೆಗೆ ಒಂದೊಂದು ಸೇರಿಸಿ ಲೆಕ್ಕ ಹಾಕಿ, ಕೊನೆಗೆ ಒಂದು ಕಳೆಯುವುದು) ಹಾಕಿದರೆ ಅದು 231ಕ್ಕೆ ಇಳಿಯುತ್ತದೆ. ಈ ತಿದ್ದುಪಡಿ ಪುಸ್ತಕದಲ್ಲಿಲ್ಲ, ನೀವೇ ಸೇರಿಸಿಕೊಳ್ಳಿ.

ಬೇಟೆಗಾರ ಮತ್ತು ಬೇಟೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರ ಮೊದಲ ಸಲ ವಿಜ್ಞಾನದ ಒಳಗೆ ಕೈ ಹಾಕುತ್ತದೆ. ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದ ತೋಳ ಮತ್ತು ಮೂಸ್‌ಗಳನ್ನು (ಭಾರಿ ಗಾತ್ರದ ಜಿಂಕೆ) 1958ರಿಂದ ಎಣಿಸುತ್ತಾ ಬಂದಿದ್ದಾರೆ. ಒಳಸಂಬಂಧದ ಸಂತಾನದಿಂದ ತೋಳಗಳು ಎರಡೇ ಉಳಿದ ಮೇಲೆ 2018ರಿಂದ ಹೊರಗಿನಿಂದ ತಂದು ಬಿಟ್ಟರು. ಈ ಉದಾಹರಣೆಯನ್ನು ಪುಸ್ತಕ ಚೆನ್ನಾಗಿ ವಿವರಿಸುತ್ತದೆ. ಮುಂದಿನ ಪುಟದಲ್ಲಿ ಬೈಬಲ್‌ನ ಆದಿಕಾಂಡ 1:30ನ್ನು ಹಿಡಿದು, ಮನುಷ್ಯನ ಪತನಕ್ಕೆ (ಆದಾಮ, ಹವ್ವ ದೇವರ ಮಾತು ಮೀರಿದ್ದಕ್ಕೆ) ಮುಂಚೆ ಎಲ್ಲ ಪ್ರಾಣಿಗಳೂ ಹಸಿರು ತಿನ್ನುತ್ತಿದ್ದವು ಎನ್ನುತ್ತದೆ. ಹಾಗಿದ್ದರೆ ಬೆಕ್ಕಿನ ಕತ್ತರಿಯಂಥ ಹಲ್ಲು, ಗಿಡ್ಡ ಕರುಳು, ಮಾಂಸದಿಂದಲೇ ಪಡೆಯಬೇಕಾದ ಟಾರಿನ್ ಎಂಬ ಪೋಷಕಾಂಶದ ಅಗತ್ಯ ಎಲ್ಲಿಂದ ಬಂದವು? ‘ಆಮೇಲೆ ಬದಲಾದವು’ ಎಂಬ ಒಂದೇ ಸಾಲು ಉತ್ತರ. ಅದು ಎಷ್ಟು ದೊಡ್ಡ ಬದಲಾವಣೆ ಎಂದು ಎಲ್ಲೂ ಲೆಕ್ಕ ಹಾಕುವುದಿಲ್ಲ. ಎಳೆಯ ಸಿಂಹಗಳು ದೇವರಿಂದಲೇ ಆಹಾರ ಬೇಡುತ್ತವೆ ಎನ್ನುವ ಕೀರ್ತನೆ 104:21ರ ಸುದ್ದಿಯೂ ಇಲ್ಲ. ಭೂಮಿ ಹಳೆಯದೆಂದು ಒಪ್ಪುವ ಅನೇಕ ಕ್ರೈಸ್ತರು ಈ ಚರ್ಚೆಯಲ್ಲಿ ಮುಂದಿಡುವುದು ಅದನ್ನೇ. ಅಂದಹಾಗೆ, ಆದಿಕಾಂಡ 2:15ರ ಆಧಾರದಲ್ಲಿ ಭೂಮಿಯನ್ನು ಕಾಯುವ ಹೊಣೆ ಕುರಿತು ಬರೆದ ಪುಟಗಳು ಈ ಘಟಕದಲ್ಲೇ ಅತ್ಯಂತ ಒಳ್ಳೆಯ ಗದ್ಯ.

ಮೂಲದ ಅಧ್ಯಾಯಗಳಲ್ಲಿ ನೈಸರ್ಗಿಕ ಆಯ್ಕೆಯನ್ನು ಅಲ್ಲಗಳೆದಿಲ್ಲ. ಎಡ್ವರ್ಡ್ ಬ್ಲೈಥ್ 1835ರಲ್ಲೇ, ಡಾರ್ವಿನ್‌ಗಿಂತ ಮುಂಚೆ, ಅದನ್ನು ಜಾತಿಯನ್ನು ಶುದ್ಧವಾಗಿಡುವ ಶಕ್ತಿಯಾಗಿ ಕಂಡಿದ್ದನ್ನು ಹೇಳಿರುವುದು ಮೆಚ್ಚುವಂಥದು. ಪುಸ್ತಕದ ವಾದ ಇಷ್ಟು: ದೇವರು ಸೃಷ್ಟಿಸಿದ್ದು ಮೂಲಜಾತಿಗಳನ್ನು, ಒಂದು ಮೂಲಜಾತಿಯೊಳಗೆ ಪ್ರಭೇದಗಳು ಕವಲೊಡೆಯಬಹುದು, ಹೊಸ ಆನುವಂಶಿಕ ಮಾಹಿತಿ ಮಾತ್ರ ಹುಟ್ಟದು.

ಇದನ್ನು ತೋರಿಸಲು ಇಟ್ಟಿರುವ ಪ್ರಯೋಗದಲ್ಲೇ ಎಡವಟ್ಟಿದೆ. ಹೂಬಟ್ಟೆಯ ಮೇಲೆ ಐದು ಬಣ್ಣದ 100 ಕಾಗದದ ಚುಕ್ಕಿ ಹರಡಿ, ‘ಹಕ್ಕಿ’ಗಳು ಕಣ್ಣಿಗೆ ಬಿದ್ದ 75ನ್ನು ಎತ್ತಬೇಕು. ಉಳಿದ 25ಕ್ಕೆ ತಲಾ ಮೂರು ಮರಿ, ಮರಿಗೆ ತಾಯಿಯದೇ ಬಣ್ಣ. ಮೂರು ತಲೆಮಾರು ಆದಮೇಲೆ ಪ್ರಶ್ನೆ: ಹೊಸ ಬಣ್ಣ ಹುಟ್ಟಿತೇ? ಉತ್ತರಪುಸ್ತಿಕೆ: ಇಲ್ಲ, ಆಯ್ಕೆ ಇರುವುದನ್ನು ಸೋಸುತ್ತದೆ ಅಷ್ಟೆ. ಹುಟ್ಟಲು ಹೇಗೆ ಸಾಧ್ಯ? ಮರಿಗೆ ತಾಯಿಯದೇ ಬಣ್ಣ ಎಂದು ನಿಯಮ ಬರೆದಿಟ್ಟಿದ್ದಾರಲ್ಲ! ಪ್ರಯೋಗ ತೋರಿಸುತ್ತಿರುವುದು ಪ್ರಕೃತಿಯನ್ನಲ್ಲ, ಕೈಪಿಡಿಯ ನಿಯಮವನ್ನು. ಸರಿಪಡಿಸುವುದು ಸುಲಭ. ಪ್ರತಿ ಮರಿಗೆ ಎರಡು ದಾಳ ಉರುಳಿಸಿ. ಎರಡರಲ್ಲೂ ಆರು ಬಿದ್ದರೆ ಬೇರೆ ಡಬ್ಬಿಯಿಂದ ಹೊಸ ಬಣ್ಣ. 75 ಮರಿಗಳಲ್ಲಿ ಸರಾಸರಿ ಎರಡು ಬದಲಾಗುತ್ತವೆ. ಇದು ಜೀನ್‌ಗಳಲ್ಲಿ ಬದಲಾವಣೆ (ರೂಪಾಂತರ) ಆಗುವ ನಿಜವಾದ ವೇಗಕ್ಕಿಂತ ಎಷ್ಟೋ ಹೆಚ್ಚು, ಅದನ್ನು ವಿದ್ಯಾರ್ಥಿಗೆ ಹೇಳಿ. ಮೂರರ ಬದಲು ಎಂಟು ಹತ್ತು ತಲೆಮಾರು ನಡೆಸಿ. ಹೊಸ ಬಣ್ಣಗಳಲ್ಲಿ ಹೆಚ್ಚಿನವು ಕೂಡಲೇ ಹಕ್ಕಿಯ ಪಾಲಾಗುತ್ತವೆ. ಬಟ್ಟೆಗೆ ಹೊಂದುವುದೊಂದು ಉಳಿದರೆ ಹಬ್ಬುತ್ತದೆ. ಎರಡೂ ಬಗೆಯಲ್ಲಿ ಆಡಿಸಿ ಪಟ್ಟಿ ಬರೆಸಿದರೆ ವಾದ ಎಲ್ಲಿದೆ ಎಂದು ಮಕ್ಕಳಿಗೇ ಗೊತ್ತಾಗುತ್ತದೆ.

ಕುದುರೆಯ ಉದಾಹರಣೆಯಲ್ಲಿ ಪುಸ್ತಕ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದೆ. ಕುದುರೆ, ಕತ್ತೆ, ಜೀಬ್ರಾ ಒಂದೇ ಮೂಲಜಾತಿ, ಹೇಸರಗತ್ತೆ ಅದಕ್ಕೆ ಸಾಕ್ಷಿ ಎನ್ನುತ್ತದೆ. ಕುದುರೆಯ ಕ್ರೋಮೋಸೋಮ್ 64, ಕತ್ತೆಯದು 62, ಹಾರ್ಟ್‌ಮನ್ ಬೆಟ್ಟದ ಜೀಬ್ರಾದ್ದು 32. ಬೈಬಲ್ ಆಧಾರದಲ್ಲಿ ಕಾಲ ಎಣಿಸಿದ ಹದಿನೇಳನೇ ಶತಮಾನದ ಆರ್ಚ್‌ಬಿಷಪ್ ಅಷರ್ ಲೆಕ್ಕದ ಪ್ರಕಾರ ಪ್ರಳಯ ಕ್ರಿ.ಪೂ. 2348ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನೋಹನ ನಾವೆಯಲ್ಲಿ ಉಳಿದ ಒಂದೇ ಜೋಡಿಯಿಂದ ಇಷ್ಟೆಲ್ಲ ಕವಲೊಡೆಯಬೇಕಾದರೆ ವಿಕಾಸವಾದಿಗಳು ಯಾರೂ ಹೇಳದಷ್ಟು ವೇಗ ಬೇಕು. ಅದಲ್ಲದೆ ಒಂದು ಜೋಡಿಯಲ್ಲಿ ಒಂದು ಜೀನ್‌ನ ಹೆಚ್ಚೆಂದರೆ ನಾಲ್ಕು ಆವೃತ್ತಿ ಇರಬಹುದು. ರೋಗನಿರೋಧಕ ಎಂಎಚ್‌ಸಿ ಜೀನ್‌ಗಳಲ್ಲಿ ಕುದುರೆಗಳಲ್ಲೇ ಅದಕ್ಕಿಂತ ಹೆಚ್ಚು ಆವೃತ್ತಿಗಳಿವೆ. ಪುಸ್ತಕದ ಕಾಲರೇಖೆಯನ್ನೇ ಒಪ್ಪಿದರೂ ಉಳಿದವು ಆಮೇಲೆ ರೂಪಾಂತರದಿಂದಲೇ ಬಂದಿರಬೇಕು. ಹೊಸತು ಹುಟ್ಟದು ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ಮೆಣಸುಚುಕ್ಕೆ ಪತಂಗದ ಪುಟ ಬಹಳ ಹಳಸಲು. ಹೊಗೆಯಿಂದ ಕಪ್ಪಾದ ಮರಗಳ ಮೇಲೆ ಬಿಳಿ ಪತಂಗಗಳು ಹಕ್ಕಿಗಳ ಕಣ್ಣಿಗೆ ಬಿದ್ದು, ಕಪ್ಪು ಪತಂಗಗಳು ಹೆಚ್ಚಿದವು ಎಂಬುದು ಪ್ರಸಿದ್ಧ ಕಥೆ. ಫೋಟೋಗಾಗಿ ಪತಂಗಗಳನ್ನು ಮರಕ್ಕೆ ಅಂಟಿಸಿದ್ದರು, ಆದ್ದರಿಂದ ಕಥೆಯೇ ಸುಳ್ಳು ಎಂಬ ಧಾಟಿ. ಇದನ್ನು ಪರೀಕ್ಷಿಸಿದ ಕೆಟಲ್‌ವೆಲ್ ಅವರ 1950ರ ದಶಕದ ಪ್ರಯೋಗಗಳಲ್ಲಿ ದೋಷಗಳಿದ್ದದ್ದು ನಿಜ. ಅವನ್ನು ಸರಿಪಡಿಸಿ ಮೈಕಲ್ ಮಜೆರಸ್ 2001ರಿಂದ 2007ರವರೆಗೆ 4,864 ಪತಂಗಗಳೊಂದಿಗೆ ಮತ್ತೆ ಪರೀಕ್ಷಿಸಿದರು. ಫಲಿತಾಂಶ ಅದೇ ಬಂತು. 2016ರಲ್ಲಿ ಕಪ್ಪು ಬಣ್ಣದ ಕಾರಣವೂ ಸಿಕ್ಕಿತು: ಕಾರ್ಟೆಕ್ಸ್ ಎಂಬ ಜೀನ್‌ನೊಳಗೆ ಸೇರಿಕೊಂಡ, ಸುಮಾರು 22,000 ಅಕ್ಷರಗಳ ಡಿಎನ್‌ಎ ತುಣುಕು. ರೂಪಾಂತರದಿಂದ ಕಳೆದುಹೋಗುವುದಷ್ಟೇ ಎಂದು ಕಲಿಸುವ ಪುಟದ ಪಕ್ಕದಲ್ಲಿ ಇದನ್ನು ಬರೆದಿಡಿ.

ಹೊರಗಿನಿಂದ ಶಕ್ತಿ ಬಾರದ ವ್ಯವಸ್ಥೆಯಲ್ಲಿ ಅವ್ಯವಸ್ಥೆ ಕಡಿಮೆಯಾಗದು ಎನ್ನುವ ಉಷ್ಣಗತಿಯ ಎರಡನೇ ನಿಯಮ ವಿಕಾಸವನ್ನು ತಡೆಯುತ್ತದೆ ಎಂಬ ಚೌಕದ ಟಿಪ್ಪಣಿಯನ್ನು ಸುಮ್ಮನೆ ಹೊಡೆದುಹಾಕಬಹುದು. ಸೂರ್ಯನಿಂದ ಶಕ್ತಿ ಒಳಬರುತ್ತಲೇ ಇರುತ್ತದೆ ಎಂದು ಇದೇ ಘಟಕದ ಪಿರಮಿಡ್ ಪಾಠ ಬಾಣ ಹಾಕಿ ತೋರಿಸಿದೆ.

ಹೊರಗಿನ ಬೋರ್ಡ್ ಪರೀಕ್ಷೆಗೆ ಕೂರುವವರಿಗೆ ಇದೊಂದೇ ಸಾಲದು. ಹಾರ್ಡಿ–ವೈನ್‌ಬರ್ಗ್ ಲೆಕ್ಕ (ಒಂದು ಸಂತತಿಯಲ್ಲಿ ಜೀನ್ ಆವೃತ್ತಿಗಳ ಪ್ರಮಾಣದ ಲೆಕ್ಕ), ವಂಶವೃಕ್ಷ ಓದುವ ಕ್ರಮ, ಸಮಾನ ಪೂರ್ವಜರ ಪುರಾವೆಗಳು ಇಲ್ಲಿಲ್ಲ ಅಥವಾ ಅಣಕದ ರೂಪದಲ್ಲಿವೆ. ಸಾಮಾನ್ಯ ಪಠ್ಯವೊಂದರ ವಿಕಾಸದ ಅಧ್ಯಾಯವನ್ನು ಜೊತೆಗೇ ಓದಿಸಬೇಕು. ಸೆಟ್‌ನ ಭಾಗಗಳನ್ನು ಬಿಡಿಯಾಗಿಯೂ ಮಾರುತ್ತಾರೆ. ಪಠ್ಯ ಮತ್ತು ಕೈಪಿಡಿ ಸಾಕು, ಸಾಮಾನಿನ ಪೆಟ್ಟಿಗೆ ಬೇಡ: ಜಾಡಿ, ಕಾಳು, ಬಾಟಲಿ ಎಲ್ಲರ ಮನೆಯಲ್ಲೂ ಇರುತ್ತವೆ, ಅದರಲ್ಲಿರುವ ಪ್ಲಾಸ್ಟಿಕ್ ಭೂತಗನ್ನಡಿಯಲ್ಲಿ ಮಣ್ಣಿನ ನುಸಿಗಳು ಸರಿಯಾಗಿ ಕಾಣುವುದಿಲ್ಲ. ಆ ಹಣಕ್ಕೆ ಹತ್ತು ಪಟ್ಟು ಹಿಗ್ಗಿಸುವ ಗಾಜಿನ ಕೈಮಸೂರ ಕೊಳ್ಳಿ.