ಸೀಟಿನ ಕೆಳಗಿನ ಪೆಟ್ರೋಲ್: 1943ರ ಫೋರ್ಡ್ ಜೀಪಿನ ಜೊತೆ 11 ವರ್ಷ

ಬೆಳಿಗ್ಗೆ ಜೀಪಿನ ಹತ್ತಿರ ಹೋಗುವಾಗ ಒಂದು ಗಾಜಿನ ಉಪ್ಪಿನಕಾಯಿ ಬಾಟಲಿ ಹಿಡಿದುಕೊಂಡೇ ಹೋಗುತ್ತೇನೆ. ಗೋಣಿ ಹಾಸಿ ಗಾಡಿಯಡಿ ಮಲಗಿ, ಟ್ಯಾಂಕಿನ ಡ್ರೈನ್ ಬೋಲ್ಟನ್ನು ಒಂಚೂರು ಸಡಿಲಿಸಿ, ಬಾಟಲಿಗೆ ನಾಲ್ಕು ಬೆರಳಿನಷ್ಟು ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿಯುತ್ತೇನೆ. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣವಿದ್ದರೆ ಹೊರಡಬಹುದು. ಅಡಿಯಲ್ಲಿ ಬೇರೆ ಪದರ ನಿಂತಿದ್ದರೆ ಅವತ್ತು ಹಾಲು ಡೇರಿಗೆ ಬೈಕಿನಲ್ಲಿ ಹೋಗುತ್ತದೆ. ಮೊದಲ ಒಂಬತ್ತು ವರ್ಷ ಈ ಬಾಟಲಿಯ ಕೆಲಸವೇ ಇರಲಿಲ್ಲ. ಹಳೆಯ ಮಿಲಿಟರಿ ಜೀಪು ಕೊಂಡು ಸರಿಮಾಡಿಸಬೇಕು ಅಂತ ಆಸೆಪಟ್ಟು ನನ್ನನ್ನು ಕೇಳುವವರೆಲ್ಲ ಮೈಲೇಜು, ಟೈರು, ಬೆಲೆ ಕೇಳುತ್ತಾರೆ. ಪೆಟ್ರೋಲಿನ ವಿಷಯ ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಫೋರ್ಡ್ ಜಿಪಿಡಬ್ಲ್ಯು. ಎರಡನೇ ಮಹಾಯುದ್ಧದಲ್ಲಿ ವಿಲ್ಲೀಸ್ ಕಂಪನಿಯ ನಕ್ಷೆಯ ಮೇಲೆ ಫೋರ್ಡ್ ಮಾಡಿಕೊಟ್ಟ ಜೀಪು. 60 ಕುದುರೆ ಶಕ್ತಿ, ಮೂರು ಗೇರು ಇತ್ಯಾದಿ ವಿವರ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ. ಆದರೆ ಒಂದು ಗುರುತು ಹೇಳಲೇಬೇಕು: ರೇಡಿಯೇಟರಿನ ಕೆಳಗೆ ಛಾಸಿಯ ಎರಡು ಬದಿಯನ್ನು ಸೇರಿಸುವ ಅಡ್ಡಪಟ್ಟಿ ದುಂಡಗಿನ ಪೈಪಾಗಿದ್ದರೆ ವಿಲ್ಲೀಸ್, ಚೌಕವಾಗಿದ್ದರೆ ಫೋರ್ಡ್. ಇನ್ನೊಂದು, ಫೋರ್ಡಿನವರು ತಮ್ಮ ಬೋಲ್ಟು, ಬ್ರಾಕೆಟ್ಟುಗಳ ಮೇಲೆ ಪುಟ್ಟದಾಗಿ 'ಎಫ್' ಅಚ್ಚು ಹಾಕುತ್ತಿದ್ದರು. ಮೊದಲ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ಕೂತು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಆ ಅಕ್ಷರ ಹುಡುಕಿದೆ. ತುಕ್ಕಿನ ಕೆಳಗಿಂದ ಒಂದೊಂದೇ ಎಫ್ ಎದ್ದುಬರುವಾಗ ಆಗುವ ಖುಷಿಗೆ ನಾನು ಎಷ್ಟು ಸಂಜೆ ಕೊಟ್ಟಿದ್ದೇನೋ. ಒಟ್ಟು 114 ಸಿಕ್ಕವು.

2013ರಲ್ಲಿ ಬಾಳೆಹೊನ್ನೂರಿನ ಹತ್ತಿರದ ಒಂದು ಕಾಫಿ ತೋಟದ ಶೆಡ್ಡಿನಿಂದ 1,60,000 ರೂಪಾಯಿಗೆ ತಂದೆ. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ಲಿನಲ್ಲಿ ಮಾರಾಟವಾದ ಜೀಪುಗಳು ನಮ್ಮ ಮಲೆನಾಡಿನ ತೋಟಗಳಿಗೆ ಹೀಗೇ ಬಂದು ಸೇರಿಕೊಂಡವು. ನಂಬರ್ ಪ್ಲೇಟು ಇನ್ನೂ ಮೈಸೂರು ರಾಜ್ಯದ ಕಾಲದ ಎಂವೈ ಸೀರೀಸಿನದು. ಎಂಜಿನ್ ಮಾತ್ರ ಯಾವಾಗಲೋ ಡೀಸೆಲ್ ಆಗಿತ್ತು. ನಮ್ಮ ಕಡೆ ಹಳೆ ಜೀಪು ಅಂದರೆ ಡೀಸೆಲ್ಲೇ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಡೀಸೆಲ್ ಎಂಜಿನ್ನಿನ ನಡುಕಕ್ಕೆ ಡ್ಯಾಶ್‌ಬೋರ್ಡೆಲ್ಲ ಬಿರುಕು ಬಿಟ್ಟಿತ್ತು. ಅದನ್ನು ಇಳಿಸಿ ಪೆಟ್ರೋಲ್ ಎಂಜಿನ್ ಹಾಕಿಯೇ ಹಾಕುತ್ತೇನೆ ಅಂತ ಹಟ ಹಿಡಿದೆ. ಒಂದು ಗುಜರಿಯಲ್ಲಿ ಹಳೆಯ ಬ್ಲಾಕ್ ಸಿಕ್ಕಿತು. ಶಿವಮೊಗ್ಗದಲ್ಲಿ ಬೋರಿಂಗ್, ಲೇತ್ ಕೆಲಸ ಆಯಿತು. ಮಹೀಂದ್ರಾದವರು 1947ರಿಂದ ವಿಲ್ಲೀಸ್ ಜೀಪು ಜೋಡಿಸತೊಡಗಿ ಮುಂದೆ ದಶಕಗಟ್ಟಲೆ ಅದೇ ವಂಶದ ಗಾಡಿ ಮಾಡಿದ್ದು ನಮ್ಮ ಪುಣ್ಯ. ಆಯಿಲ್ ಸೀಲು, ಕಿಂಗ್ ಪಿನ್, ಬ್ರೇಕಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಹೊಂದುವಂಥದು ಏನಾದರೂ ಸಿಗುತ್ತದೆ. 14 ತಿಂಗಳು ಹಿಡಿಯಿತು. ಗಾಡಿಯ ಬೆಲೆಯೂ ಸೇರಿ 5,80,000 ರೂಪಾಯಿ. ಎರಡು ವರ್ಷದ ಮೆಣಸಿನ ದುಡ್ಡು ಪೂರ್ತಿ ಅದಕ್ಕೇ ಹೋಯಿತು, ಮನೆಯಲ್ಲಿ ಮಾತೂ ಕೇಳಿದೆ.

ನೋಂದಣಿಯ ಬಗ್ಗೆ ಒಂದು ಮಾತು. 50 ವರ್ಷ ದಾಟಿದ ಗಾಡಿಗೆ 'ವಿಎ' ನಂಬರ್ ಕೊಡುವ ವಿಂಟೇಜ್ ನಿಯಮ 2021ರಲ್ಲಿ ಬಂತು. ಅದರಡಿ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥದಕ್ಕಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಆಗುವುದಿಲ್ಲ. ನಾನು ಡೇರಿಗೂ ತೋಟಕ್ಕೂ ಸೊಸೈಟಿಗೂ ಓಡಿಸುವವನು. ಹಾಗಾಗಿ ಹಳೆ ಆರ್‌ಸಿಯನ್ನೇ ನವೀಕರಿಸಿಕೊಂಡು ಬರುತ್ತಿದ್ದೇನೆ.

ಓಡಿಸುವ ಸುಖ ಹೇಗೆ ಹೇಳಲಿ. ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಬಂಕಿನಲ್ಲಿ ಇಳಿದು, ಸೀಟು ಎತ್ತಿ, ಅಗಲ ಬಾಯಿಯ ಮುಚ್ಚಳ ತಿರುಗಿಸಿ, ಬಿದಿರಿನ ಕಡ್ಡಿ ಅದ್ದಿ ಅಳತೆ ನೋಡುತ್ತೇನೆ. ಕಡ್ಡಿಯ ಮೇಲೆ ಚಾಕುವಿನಿಂದ ಗೀರಿದ ಒಂದೊಂದು ಗುರುತಿಗೂ ಐದೈದು ಲೀಟರ್. ಸ್ಟಾರ್ಟರ್ ನೆಲದ ಮೇಲಿದೆ, ಕಾಲಿನಿಂದ ಒತ್ತಬೇಕು. ಬ್ಯಾಟರಿ ಆರೇ ವೋಲ್ಟಿನದಾದ್ದರಿಂದ ಎಂಜಿನ್ ನಿಧಾನವಾಗಿ ಎರಡು ಸುತ್ತು ತಿರುಗಿ, ಮೂರನೆಯದಕ್ಕೆ ಹಿಡಿಯುತ್ತದೆ. ಚೋಕ್ ಒಳಗೆ ತಳ್ಳಿ ಐದು ನಿಮಿಷ ಬಿಟ್ಟರೆ ಅದರ ಸದ್ದು ಎಷ್ಟು ಮೆತ್ತಗಾಗುತ್ತದೆ ಅಂದರೆ ಕೊಟ್ಟಿಗೆಯ ದನಗಳು ಮೆಲುಕು ನಿಲ್ಲಿಸುವುದಿಲ್ಲ. ಸ್ಟೇರಿಂಗ್ ಎಡಗಡೆ. ಮುಂದಿನ ಲಾರಿಯನ್ನು ದಾಟಬೇಕಾದರೆ ಬಲಗಡೆ ಕೂತ ಹೆಂಡತಿ ಇಣುಕಿ ನೋಡಿ, "ಬನ್ನಿ, ಏನೂ ಇಲ್ಲ" ಅನ್ನಬೇಕು. ಅವಳು ಹೇಳದೆ ನಾನು ದಾಟುವುದಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಹೆಡ್‌ಲೈಟು. ಒಂದು ಚಿಟ್ಟೆ ನಟ್ಟು ಸಡಿಲಿಸಿದರೆ ದೀಪ ಹಿಂದಕ್ಕೆ ಮಗುಚಿ ನೇರ ಎಂಜಿನ್ನಿನ ಮೇಲೆ ಬೆಳಕು ಬೀಳುತ್ತದೆ. ರಾತ್ರಿ ಕಾಡಿನಲ್ಲಿ ಗಾಡಿ ನಿಂತರೆ ಸಿಪಾಯಿ ಏನು ಮಾಡಬೇಕು ಅಂತ ಯಾರೋ ಕೂತು ಯೋಚಿಸಿದ್ದಾರಲ್ಲ, ಆ ಯೋಚನೆಯ ಬಗ್ಗೆ ನನಗೆ ಗೌರವ.

2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅಂದರೆ ನೂರಕ್ಕೆ 20 ಪಾಲು ಎಥನಾಲ್ (ಕಬ್ಬು, ಧಾನ್ಯದಿಂದ ತೆಗೆಯುವ ಮದ್ಯಸಾರ) ಬೆರೆತದ್ದು. ಮೊದಲು 2030ಕ್ಕೆ ಅಂತಿದ್ದ ಗುರಿಯನ್ನು 2025ಕ್ಕೆ ತಂದಿದ್ದರು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಅನುಕೂಲ, ಹೊರಗಿನಿಂದ ತರುವ ಎಣ್ಣೆಯೂ ಕಡಿಮೆ ಅನ್ನುವ ವಾದ ನನಗೂ ಅರ್ಥವಾಗುತ್ತದೆ, ನಾನೂ ಕೃಷಿಕ. ಆದರೆ 1943ರ ಗಾಡಿಯ ರಬ್ಬರಿಗೆ ಅದು ಅರ್ಥವಾಗಲಿಲ್ಲ.

2024ರ ಆಷಾಢದ ಜಡಿಮಳೆ. ಜಯಪುರದಿಂದ ಕೊಪ್ಪಕ್ಕೆ ಬರುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಹಲಸಿನ ಸಾರೆಯ ಹಾಗೆ ಬಿಳಿಬಿಳಿ ಸಿಪ್ಪೆ. ತುಕ್ಕು ಹಿಡಿಯದಿರಲಿ ಅಂತ 2014ರಲ್ಲಿ ಟ್ಯಾಂಕಿನ ಒಳಗೆ ಹಚ್ಚಿಸಿದ್ದ ಕೋಟಿಂಗು ಕರಗಿ ಎದ್ದು ಬಂದಿತ್ತು. ಗ್ಯಾರೇಜಿನ ಹಿರಿಯ ಮೇಸ್ತ್ರಿ ಫ್ಯೂಯೆಲ್ ಪಂಪ್ ಬಿಚ್ಚಿ, ಪೆಟ್ರೋಲ್ ಎಳೆಯುವ ಒಳಗಿನ ರಬ್ಬರ್ ಪರದೆಯನ್ನು, ಅಂದರೆ ಡಯಾಫ್ರಮ್ಮನ್ನು, ನನ್ನ ಅಂಗೈಗೆ ಹಾಕಿದರು. ನೆನೆಹಾಕಿದ ಹಪ್ಪಳದಂತೆ ಊದಿ ಮೆತ್ತಗಾಗಿತ್ತು. "ಗೌಡ್ರೇ, ಎಂಜಿನ್‌ದು ತಪ್ಪಿಲ್ಲ. ನೀವು ಕುಡಿಸೋದು ಬದಲಾಗಿದೆ" ಅಂದರು.

ಮನೆಗೆ ಬಂದು ಅಳತೆಯ ಗ್ಲಾಸಿನಲ್ಲಿ 10 ಎಂಎಲ್ ನೀರು, 90 ಎಂಎಲ್ ಪೆಟ್ರೋಲ್ ಹಾಕಿ ಕುಲುಕಿ ಇಟ್ಟೆ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತದೆ. ಅಡಿಯ ನೀರು 27ರ ಗೆರೆಯವರೆಗೆ ಏರಿ ನಿಂತಿತು. ಟ್ಯಾಂಕಿನಲ್ಲಿ ಆಗುವುದೂ ಇದೇ. ನಮ್ಮದು ಆಗುಂಬೆ ಪಕ್ಕದ ಹವೆ, ಜೂನಿನಿಂದ ಮೂರು ತಿಂಗಳು ಬಟ್ಟೆಯೇ ಒಣಗುವುದಿಲ್ಲ. ಹಳೆಯ ಮುಚ್ಚಳದಿಂದ ಹೋದ ತೇವವನ್ನು ಎಥನಾಲ್ ಹೀರಿಕೊಳ್ಳುತ್ತ ಹೋಗಿ, ಮಿತಿ ದಾಟಿದಾಗ ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ಪಂಪ್ ಮೊದಲು ಎಳೆಯುವುದು ಆ ತಳದ್ದನ್ನೇ. ಟ್ಯಾಂಕ್ ಇಳಿಸಿ, ಕೊಯ್ದು, ಕೆರೆದು, ಮತ್ತೆ ಬೆಸುಗೆ ಹಾಕಿ, ಪೈಪು ಪ್ಯಾಕಿಂಗ್ ಎಲ್ಲ ಬದಲಿಸಿದ್ದಕ್ಕೆ 23,000 ರೂಪಾಯಿ ಆಯಿತು. ಹಣಕ್ಕಿಂತ, ಒಂಬತ್ತು ವರ್ಷ ಒಮ್ಮೆಯೂ ದಾರಿಯಲ್ಲಿ ಕೈಬಿಡದ ಗಾಡಿಯ ಮೇಲೆ ಅಪನಂಬಿಕೆ ಬಂತಲ್ಲ ಅನ್ನುವುದೇ ಹೆಚ್ಚು ಕಾಡಿತು.

ಅಷ್ಟಕ್ಕೇ ಮುಗಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಹೆಬ್ರಿಗೆ ಹೋಗಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಅರ್ಧ ದಾರಿಯಲ್ಲಿ ಎಂಜಿನ್ನಿನ ಉಸಿರು ಕಟ್ಟಿತು. ಕತ್ತಲಾಗಿತ್ತು. ಬಾನೆಟ್ ಎತ್ತಿ, ಹೆಡ್‌ಲೈಟ್ ಮಗುಚಿದೆ. ಆ ಬೆಳಕಿನಲ್ಲಿ ಪಂಪಿನ ಗಾಜಿನ ಬಟ್ಟಲೊಳಗೆ ಪೆಟ್ರೋಲ್ ಕುದಿಯುವುದು ಕಂಡಿತು, ಅನ್ನಕ್ಕಿಟ್ಟ ಎಸರಿನ ಹಾಗೆ ಗುಳ್ಳೆ. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಕೂತಿರುವುದೇ ಬಿಸಿ ಎಗ್ಸಾಸ್ಟಿನ ಮೇಲೆ. ಎಥನಾಲ್ ಸೇರಿದ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಬೈರಾಸು ಒದ್ದೆ ಮಾಡಿ ಪಂಪಿಗೆ ಸುತ್ತಿ ಅರ್ಧ ಗಂಟೆ ಕಾದೆವು. ಹೆಂಡತಿ ಕ್ಯಾನಿನ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಆಮೇಲೆ ಹತ್ತಿತು.

ಈಗ ಮಾಡಿಸಿರುವುದು ಇಷ್ಟು: ಎಥನಾಲ್ ತಡೆಯುವ ವಿಟಾನ್ ರಬ್ಬರಿನ ಡಯಾಫ್ರಮ್ ಮತ್ತು ಪೈಪು, ಕಾರ್ಬ್ಯುರೇಟರಿನ ಕೆಳಗೆ ಶಾಖ ತಡೆಯಲು 6 ಎಂಎಂ ದಪ್ಪದ ಬೇಕಲೈಟ್ ಪ್ಯಾಕಿಂಗ್, ಪೆಟ್ರೋಲ್ ಒಂಚೂರು ಹೆಚ್ಚು ಹರಿಯುವಂತೆ ಮೀಟರಿಂಗ್ ರಾಡಿನ ಹೊಂದಾಣಿಕೆ. ಇದರ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್-ಗಾಳಿಯನ್ನು ಒತ್ತುವ ಪ್ರಮಾಣ, 6.48 ಮಾತ್ರ. ಹಾಗಾಗಿ ಆಕ್ಟೇನ್ (ಒತ್ತಡಕ್ಕೆ ಪೆಟ್ರೋಲ್ ತಾನಾಗಿ ಸಿಡಿಯದಿರುವ ಗುಣ) ಬಗ್ಗೆ ಚಿಂತೆಯೇ ಇಲ್ಲ. ದುಬಾರಿ ಪೆಟ್ರೋಲ್ ಹಾಕಿ ಅಂತ ಹೇಳುವವರ ಮಾತು ಕೇಳಬೇಡಿ. ಬೇಕಲೈಟ್ ಹಾಕಿಸಿದ ಮೇಲೆ ಮೂರು ಸಲ ಘಾಟಿ ಹತ್ತಿದ್ದೇನೆ, ನಿಂತಿಲ್ಲ. ಆದರೆ ಲೀಟರಿಗೆ 8 ಕಿಲೋಮೀಟರ್ ಕೊಡುತ್ತಿದ್ದದ್ದು 7ಕ್ಕೆ ಇಳಿದಿದೆ. ಮಳೆಗಾಲದಲ್ಲಿ ಹತ್ತು ಲೀಟರಿಗಿಂತ ಹೆಚ್ಚು ತುಂಬಿಸುವುದಿಲ್ಲ. ಒಂದು ವಾರ ಓಡಿಸದಿದ್ದರೆ ಖಾಲಿ ಮಾಡಿಬಿಡುತ್ತೇನೆ.

ಪಕ್ಕದ ತೋಟದವರು ಸಿಕ್ಕಾಗಲೆಲ್ಲ ಮತ್ತೆ ಡೀಸೆಲ್ ಎಂಜಿನ್ ಕೂರಿಸಿ ಅನ್ನುತ್ತಾರೆ. ಲೆಕ್ಕದಲ್ಲಿ ಅವರು ಹೇಳುವುದು ಸರಿ. ನಾನು ಕೂರಿಸುವುದಿಲ್ಲ. ಈ ಜೀಪನ್ನು ನಾನು ಸರಿಮಾಡಿಸಿದ್ದೇ ಆ ಮೆತ್ತಗಿನ ಸದ್ದಿಗಾಗಿ. ನೀವು ಒಣ ಊರಿನವರಾದರೆ, ವಾರಕ್ಕೆ ಎರಡು ಸಲವಾದರೂ ಓಡಿಸುವವರಾದರೆ ಧೈರ್ಯವಾಗಿ ಪೆಟ್ರೋಲ್ ಜೀಪು ತಗೊಳ್ಳಿ. ಶೆಡ್ಡಿನಲ್ಲಿಟ್ಟು ದೀಪಾವಳಿಗೆ, ರಾಜ್ಯೋತ್ಸವಕ್ಕೆ ಹೊರಗೆ ತೆಗೆಯುವವರಾದರೆ ಟ್ಯಾಂಕ್ ಖಾಲಿ ಇಡುವುದನ್ನು ಮೊದಲು ಕಲಿಯಿರಿ.

ಟ್ಯಾಂಕಿಗೆ ಒಳಗಿನ ಕೋಟಿಂಗ್ ಮಾಡಿಸುವುದಾದರೆ, ಅದನ್ನು ಮೊದಲು ಒಂದು ತಗಡಿನ ಚೂರಿಗೆ ಹಚ್ಚಿ ನಿಮ್ಮೂರ ಬಂಕಿನ ಪೆಟ್ರೋಲಿನಲ್ಲಿ ಮುಳುಗಿಸಿ ಒಂದು ತಿಂಗಳು ನೋಡಿ. ನಾನು ಮುಳುಗಿಸಿದ್ದು ಕೊಟ್ಟಿಗೆಯ ಹೊರಗಿನ ಗೂಡಿನಲ್ಲಿದೆ. ಹದಿಮೂರು ತಿಂಗಳಾಯಿತು, ಇನ್ನೂ ಸಿಪ್ಪೆ ಎದ್ದಿಲ್ಲ.