ಅಪ್ಪಯ್ಯನ ಹಳೇ ಸಿಸ್ಟಮ್‌ಗೆ ಲಿನಕ್ಸ್ ಮಿಂಟ್: ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವಳಲ್ಲ. ಆಫೀಸಿನಲ್ಲಿ ಎಕ್ಸೆಲ್ ಬಳಸುತ್ತೇನೆ, ಅಷ್ಟೇ. ಆದರೂ ಊರಿನ ಮನೆಯ ಸಿಸ್ಟಮ್ ಕೆಟ್ಟರೆ ಫೋನ್ ಬರುವುದು ನನಗೇ. ಅದರಲ್ಲಿ ವಿಂಡೋಸ್ ಜಾಗಕ್ಕೆ ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದ ಕಥೆ ಇದು.

ಸಾಗರದ ಹತ್ತಿರ ಇರುವ ನಮ್ಮ ಮನೆಯ ಈ ಸಿಸ್ಟಮ್ ಅಸೆಂಬಲ್ ಮಾಡಿಸಿದ್ದು 2013ರಲ್ಲಿ. ಮೂರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಬಂದಾಗ ವಿಂಡೋಸ್ 7 ಇತ್ತು, 2016ರಲ್ಲಿ ಉಚಿತವಾಗಿ ಕೊಡುತ್ತಿದ್ದಾಗ 10 ಮಾಡಿಸಿದೆವು. 2022ರ ಹೊತ್ತಿಗೆ ಬಟನ್ ಒತ್ತಿ, ದೇವರಿಗೆ ದೀಪ ಹಚ್ಚಿ, ಕಾಫಿ ಕುಡಿದು ಬಂದರೂ ಡೆಸ್ಕ್‌ಟಾಪ್ ಇನ್ನೂ ತಿರುಗುತ್ತಿರುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದರೆ ಡಿಸ್ಕ್ 100 ಪರ್ಸೆಂಟ್, ಕೆಂಪಗೆ. ಇದರ ಮೇಲೆ ಆಂಟಿವೈರಸ್ ಬೇರೆ. ಅಪ್ಪಯ್ಯ ಪ್ರತಿ ವರ್ಷ ಪೇಟೆಗೆ ಹೋಗಿ ಒಂದು ಡಬ್ಬಿ ತಂದು, ಒಳಗಿನ ನಂಬರ್ ಉಜ್ಜಿ ಹಾಕುತ್ತಿದ್ದರು. ವಿಂಡೋಸ್ 10ರ ಜೊತೆ ಡಿಫೆಂಡರ್ ಪುಕ್ಕಟೆ ಇರುತ್ತದೆ, ಬೇರೆ ಆಂಟಿವೈರಸ್ ಹಾಕಿದರೆ ಅದು ತಾನಾಗಿ ಹಿಂದೆ ಸರಿಯುತ್ತದೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಅವಧಿ ಮುಗಿಯುವ ಒಂದು ತಿಂಗಳು ಮುಂಚಿನಿಂದಲೇ ಮೂಲೆಯಲ್ಲಿ ಕೆಂಪು ಪೆಟ್ಟಿಗೆ ಏಳುತ್ತಿತ್ತು, ‘ನೀವು ಅಪಾಯದಲ್ಲಿದ್ದೀರಿ’ ಅಂತ. ಅಡಿಕೆ ಧಾರಣೆ ನೋಡೋಕೆ ಕೂತ ಮನುಷ್ಯನಿಗೆ ದಿನಾ ಬೆಳಿಗ್ಗೆ ಅಪಾಯದ ಸುದ್ದಿ!

ಹೊಸ ಸಿಸ್ಟಮ್ ತೆಗೆದುಕೊಡೋಣ ಅಂದರೆ ಅಪ್ಪಯ್ಯ ಬೇಡ ಅಂದರು. ವಿಂಡೋಸ್ 11 ಇದರ ಮೇಲೆ ಕೂರುವುದಿಲ್ಲ. ಅದಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಿಂದ 240 ಜಿಬಿ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್) ಮತ್ತು ಹಳೇ ಡಿಡಿಆರ್3 ರ‍್ಯಾಮ್ ಒಂದು 4 ಜಿಬಿ ತಂದೆ. ಎರಡೂ ಸೇರಿ ಮೂರು ಸಾವಿರದ ಒಳಗೆ. ಆ ವರ್ಷದ ದೀಪಾವಳಿಗೆ ಹೋದವಳು ಮಿಂಟ್ 21ರ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿ ಬಂದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಅದೊಂದು ದೊಡ್ಡ ಅನುಕೂಲ. ಎರಡು ದಿನ ಹಾಗೇ ಬಿಟ್ಟಿದ್ದೆ. ನೆಟ್, ಸೌಂಡ್, ಯೂಟ್ಯೂಬ್ ಎಲ್ಲ ಬಂತು. ಹಾಗಾಗಿ ಹಾಕಿದೆ.

ಈಗ ಬಟನ್ ಒತ್ತಿದರೆ ಅರ್ಧ ನಿಮಿಷದೊಳಗೆ ಲಾಗಿನ್ ಪರದೆ. ಆದರೆ ಇದನ್ನೆಲ್ಲ ಮಿಂಟ್‌ನ ಖಾತೆಗೆ ಬರೆಯುವುದು ಅನ್ಯಾಯ. ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಎಸ್‌ಎಸ್‌ಡಿ. ಅದನ್ನು ಹಾಕಿದ್ದರೆ ವಿಂಡೋಸ್ 10 ಕೂಡ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ವಾ. ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಆಮೇಲೆ ಅದೂ ಇಲ್ಲ.

ನಿಜವಾದ ತಲೆನೋವು ಶುರುವಾಗಿದ್ದು ಕನ್ನಡದಲ್ಲಿ. ಅಪ್ಪಯ್ಯ ಹದಿನೈದು ವರ್ಷದಿಂದ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವರು. ದೇವಸ್ಥಾನದ ಲೆಕ್ಕ, ತಾಳಮದ್ದಳೆ ಆಮಂತ್ರಣ, ಸೊಸೈಟಿ ಮೀಟಿಂಗಿನ ನಡಾವಳಿ ಎಲ್ಲ ಅದರಲ್ಲೇ. ಒಂದು ಫೈಲು ಮಿಂಟ್‌ನ ಲಿಬ್ರೆಆಫೀಸ್‌ನಲ್ಲಿ (ವರ್ಡ್, ಎಕ್ಸೆಲ್ ಥರದ್ದು) ತೆಗೆದರೆ ಪುಟದ ತುಂಬ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ ಅಕ್ಷರ. ಅಪ್ಪಯ್ಯನ ಮುಖ ನೋಡೋಕಾಗಲಿಲ್ಲ. ಹಳೇ ನುಡಿ ಫೈಲುಗಳು ಈಗ ಎಲ್ಲ ಕಡೆ ಓಡುವ ಯುನಿಕೋಡ್ ಅಕ್ಷರ ಸಂಕೇತದಲ್ಲಿ ಇಲ್ಲ. ಅಲ್ಲಿ ಕನ್ನಡ ಕಾಣಿಸುವುದು ಆ ಫಾಂಟ್ ಇದ್ದರೆ ಮಾತ್ರ. ಹಳೇ ಹಾರ್ಡ್‌ಡಿಸ್ಕ್‌ನಿಂದ ನುಡಿ ಫಾಂಟ್ ಫೈಲುಗಳನ್ನು ತಂದು ಇಲ್ಲಿ ಹಾಕಿದೆ, ಅಕ್ಷರಗಳು ವಾಪಸ್ ಬಂದವು. ಆದರೆ ಅದೇ ಫೈಲಿನಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಮತ್ತೆ ಪೌಂಡು. ಬೇಕಾದ ನಲವತ್ತು ಫೈಲುಗಳನ್ನು ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿದೆವು. ಅರ್ಕಾವತ್ತು ಇದ್ದ ಕಡೆ ಅಲ್ಲಲ್ಲಿ ಎಡವಟ್ಟಾಗಿತ್ತು, ಅಪ್ಪಯ್ಯ ಕೂತು ತಿದ್ದಿದರು.

ಟೈಪಿಂಗ್ ಮಾತ್ರ ಸಲೀಸಾಗಿ ಹೊಂದಿತು. ಕನ್ನಡ ಟೈಪ್ ಮಾಡೋಕೆ ಬೇಕಾದ ಐಬಸ್ ಮತ್ತು ಎಂ17ಎನ್ ಎರಡು ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಬಂದು, ಕನ್ನಡದ ಕೆಳಗೆ ಕೆಜಿಪಿ ಅಂತ ಆರಿಸಿದರೆ ನುಡಿಯ ಕೀಲಿಮಣೆಯೇ ಬರುತ್ತದೆ. ‘ಅಪ್ಪ’ ಬರೆಯೋಕೆ ಎ, ಪಿ, ಎಫ್, ಪಿ. ಒತ್ತಕ್ಷರಕ್ಕೆ ಅದೇ ಎಫ್. ನಾನು ವಿವರಿಸುವ ಮೊದಲೇ ಅವರ ಬೆರಳು ಓಡುತ್ತಿತ್ತು. ಮೆನು ಕೂಡ ಕನ್ನಡಕ್ಕೆ ಬದಲಾಯಿಸಿ ನೋಡಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬಂತು. ವಾಪಸ್ ಇಂಗ್ಲಿಷ್ ಮಾಡಿದೆ.

ಇನ್ನು ಸೆಕ್ಯುರಿಟಿ. ಎಲ್ಲರೂ ಕೇಳುವುದು ಇದನ್ನೇ, ಆಂಟಿವೈರಸ್ ಯಾವುದು ಹಾಕಿದ್ದೀರಿ ಅಂತ. ಈಗ ಯಾವುದೂ ಇಲ್ಲ. ಮೊದಲು ಕ್ಲ್ಯಾಮ್‌ಎವಿ ಹಾಕಿದ್ದೆ. ಅದು ಹಿನ್ನೆಲೆಯಲ್ಲಿ ಓಡುತ್ತಾ ಒಂದು ಜಿಬಿಗಿಂತ ಜಾಸ್ತಿ ರ‍್ಯಾಮ್ ಹಿಡಿದು ಕೂರುತ್ತದೆ, ಆರು ತಿಂಗಳು ನೋಡಿ ತೆಗೆದೆ. ಮಾಡಿದ್ದು ಇಷ್ಟು. ಅಪ್ಪಯ್ಯನಿಗೆ ಅಡ್ಮಿನ್ ಅಲ್ಲದ ಖಾತೆ, ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ತಿರ. ನೆಟ್ ಮೂಲಕ ಹೊರಗಿನವರು ಒಳಗೆ ಬರದ ಹಾಗೆ ತಡೆಯುವ ಫೈರ್‌ವಾಲ್ ಆನ್ ಮಾಡಿದೆ. ಮಿಂಟ್‌ನಲ್ಲಿ ಅದು ಆಫ್ ಆಗಿಯೇ ಬರುತ್ತದೆ, ಯಾಕೋ ಗೊತ್ತಿಲ್ಲ, ಹಾಕಿದ ದಿನವೇ ನೆನಪಿಟ್ಟು ಆನ್ ಮಾಡಿ. ಅಪ್‌ಡೇಟ್ ತಾನಾಗಿ ಆಗುವ ಹಾಗೆ ಇಟ್ಟೆ. ಫೈರ್‌ಫಾಕ್ಸ್ ಬ್ರೌಸರ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್.

ಒಂದು ಸಲ ಫೋಟೋ ಪ್ರಿಂಟಿಗೆ ಹೋಗಿದ್ದ ಪೆನ್‌ಡ್ರೈವ್ ಶಾರ್ಟ್‌ಕಟ್ ವೈರಸ್ ಹತ್ತಿಸಿಕೊಂಡು ಬಂತು, ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತವಲ್ಲ, ಅದು. ಮಿಂಟ್‌ನಲ್ಲಿ ಚುಚ್ಚಿದರೆ ಶಾರ್ಟ್‌ಕಟ್ ಫೈಲುಗಳೂ ಕಾಣುತ್ತಿದ್ದವು, ಅವು ಬಚ್ಚಿಟ್ಟಿದ್ದ ಅಸಲಿ ಫೋಲ್ಡರ್‌ಗಳೂ ಪಕ್ಕದಲ್ಲೇ ಕಾಣುತ್ತಿದ್ದವು. ಫೋಟೋ ಎತ್ತಿಕೊಂಡು, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿದೆವು. ಮುಗಿಯಿತು.

ಹಾಗಂತ ಮೋಸ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಹೋದ ವರ್ಷ ಅಪ್ಪಯ್ಯ ಯಾವುದೋ ಸೈಟಿನಲ್ಲಿ ನೋಟಿಫಿಕೇಶನ್‌ಗೆ ‘ಅಲೋ’ ಒತ್ತಿದ್ದರು. ಮಾರನೇ ದಿನದಿಂದ ಮೂಲೆಯಲ್ಲಿ ‘ನಿಮ್ಮ ವಿಂಡೋಸ್‌ನಲ್ಲಿ ಐದು ವೈರಸ್ ಇವೆ’ ಅಂತ ಶುರು. ಫೋನ್ ಮಾಡಿ, "ನಮ್ಮನೇಲಿ ವಿಂಡೋಸೇ ಇಲ್ಲಲ್ಲೇ, ವೈರಸ್ ಎಲ್ಲಿಂದ ಬಂತು?" ಅಂದರು. ಆ ಸೈಟಿನ ಅನುಮತಿ ತೆಗೆಸಿದ ಮೇಲೆ ನಿಂತಿತು. ಆದರೆ ಬ್ಯಾಂಕಿನ ಹೆಸರಲ್ಲಿ ಲಿಂಕ್ ಬಂದು, ಅದರಲ್ಲಿ ಓಟಿಪಿ ಹಾಕಿದರೆ ಮಿಂಟೂ ಒಂದೇ, ವಿಂಡೋಸೂ ಒಂದೇ.

ಕೈಕೊಟ್ಟಿದ್ದು ಒಂದೇ ಸಲ. 2023ರ ಮಳೆಗಾಲದಲ್ಲಿ ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಮತ್ತೆ ಆನ್ ಮಾಡಿದರೆ ಬರೀ ಕಪ್ಪು ಪರದೆ. ಟೈಮ್‌ಶಿಫ್ಟ್ ಅಂತ ಒಂದಿದೆ, ಸಿಸ್ಟಮ್ ಹೇಗಿತ್ತೋ ಹಾಗೆ ತೆಗೆದಿಟ್ಟುಕೊಳ್ಳುತ್ತದೆ. ವಾರಕ್ಕೊಂದು ಇರುವ ಹಾಗೆ ಇಟ್ಟಿದ್ದೆ. ಪೆನ್‌ಡ್ರೈವ್‌ನಿಂದ ಶುರು ಮಾಡಿ, ಹಿಂದಿನ ಭಾನುವಾರಕ್ಕೆ ವಾಪಸ್ ಹೋಗಿ ಅಂತ ವಿಡಿಯೋ ಕಾಲ್‌ನಲ್ಲಿ ಮುಕ್ಕಾಲು ಗಂಟೆ ಹೇಳಿದೆ. ಅಮ್ಮ ಫೋನ್ ಹಿಡಿದಿದ್ದಳು, ಅರ್ಧ ಹೊತ್ತು ನನಗೆ ಕಂಡಿದ್ದು ಗೋಡೆಯ ಕ್ಯಾಲೆಂಡರ್. ಆದರೂ ಬಂತು. ಇದು ಫೋಟೋ, ಫೈಲುಗಳ ಬ್ಯಾಕಪ್ ಅಲ್ಲ, ಅದನ್ನು ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಲೇಬೇಕು. ಯುಪಿಎಸ್ ಬ್ಯಾಟರಿಯನ್ನು ಮಾರನೇ ವಾರವೇ ಬದಲಾಯಿಸಿದೆವು.

2024ರ ಕೊನೆಯಲ್ಲಿ 21ರಿಂದ 22ಕ್ಕೆ ಏರಿಸಿದೆ. ಮೊದಲು 21.3ಕ್ಕೆ ಬಂದು, ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಅಪ್‌ಗ್ರೇಡ್ ಟೂಲ್ ಹಾಕಬೇಕು. ಒಂದು ಮಧ್ಯಾಹ್ನ ಹಿಡಿಯಿತು, ತೊಂದರೆ ಆಗಲಿಲ್ಲ. 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಯಾರಿಗೆ ಬೇಡ ಅಂದರೆ, ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರಿಗೆ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿ ಜಿಎಸ್‌ಟಿ ಫೈಲ್ ಮಾಡುವವರಿಗೆ. ನಮ್ಮ ಭಾವ ಇದನ್ನು ನೋಡಿ ಆಸೆಪಟ್ಟರು, ನಾನೇ ಬೇಡ ಅಂದೆ. ಪ್ರಿಂಟರ್ ಇದ್ದರೂ ಅದು ಮಿಂಟ್‌ನಲ್ಲಿ ಓಡುತ್ತದಾ ಅಂತ ಮೊದಲು ಹುಡುಕಿ ನೋಡಿ. ನಮ್ಮ ಹಳೇ ಲೇಸರ್ ಪ್ರಿಂಟರ್‌ಗೆ ಡ್ರೈವರ್ ಹಾಕೋಕೆ ಎರಡು ರಾತ್ರಿ ಗುದ್ದಾಡಿದೆ. ಒಂದು ಪುಟ ಬಂತು, ಎರಡನೆಯದು ಬರಲಿಲ್ಲ. ಈಗ ಅಮ್ಮ ಅದರ ಮೇಲೆ ಕಸೂತಿ ಬಟ್ಟೆ ಹಾಸಿ ಟಿವಿ ರಿಮೋಟ್ ಇಡುತ್ತಾಳೆ. ಪ್ರಿಂಟ್ ಬೇಕಾದರೆ ಅಪ್ಪಯ್ಯ ಪಿಡಿಎಫ್ ಮಾಡಿ ಪೇಟೆಯ ಜೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡುತ್ತಾರೆ, ಪುಟಕ್ಕೆ ಐದು ರೂಪಾಯಿ.