ಮಂಗಳವಾರದ ‘ನರದ ಡಾಕ್ಟ್ರು’: ತಾಲೂಕು ಆಸ್ಪತ್ರೆಯ ಮನೋರೋಗ ಒಪಿಡಿಗೆ ಐದಕ್ಕೆ ಮೂರೂವರೆ

ಮೊದಲೇ ಹೇಳಿಬಿಡುತ್ತೇನೆ, ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಕಲಬುರಗಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆ, ಅಷ್ಟು ಸಾಕು. ಹೆಸರು ಹಾಕಿದರೆ ಡಾಕ್ಟರು ಯಾರು, ನಾನು ಯಾರು, ನಮ್ಮ ಕಾಕಾ ಯಾರು ಅಂತ ಸಂಜೆಯೊಳಗೆ ಊರ ಕಟ್ಟೆಗೆ ಗೊತ್ತಾಗುತ್ತದೆ. ನಾವು ಒಂದೂವರೆ ವರ್ಷ ತಡ ಮಾಡಿದ್ದೇ ಈ ‘ಗೊತ್ತಾಗುತ್ತದೆ’ ಅನ್ನೋ ಹೆದರಿಕೆಯಿಂದ.

ಕಾಕಾಗೆ ಜ್ವರ ಇರಲಿಲ್ಲ, ಪೆಟ್ಟಾಗಿರಲಿಲ್ಲ. ಆ ವರ್ಷ ತೊಗರಿಗೆ ನೆಟೆ ರೋಗ ಬಂದು ಅರ್ಧ ಹೊಲ ನಿಂತಲ್ಲೇ ಒಣಗಿತು, ಮೇಲೆ ಸೊಸೈಟಿ ಸಾಲ, ಮಗಳ ಮದುವೆ ಸಾಲ. ಅದೇ ಕಾರಣ ಅಂತ ಗಟ್ಟಿಯಾಗಿ ಹೇಳಲಾರೆ, ಯಾಕಂದರೆ ಅದಕ್ಕಿಂತ ಕೆಟ್ಟ ವರ್ಷಗಳನ್ನು ನಕ್ಕು ದಾಟಿದ ಮನುಷ್ಯ ಅವನು. ಆದರೆ ಈ ಸಲ ಸುಮ್ಮನಾದ. ಬೆಳಗಿನ ಮೂರಕ್ಕೆ ಎದ್ದು ಕೊಟ್ಟಿಗೆಯಲ್ಲಿ ಎತ್ತಿನ ಮುಂದೆ ಕೂತಿರುತ್ತಿದ್ದ. ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚಿ, ಬಾಯಿಗೆ ಇಡದೆ, ಹಾಗೇ ತಾಟು ಸರಿಸಿ ಎದ್ದುಬಿಡುತ್ತಿದ್ದ. ಏನಾಗುತ್ತದೆ ಅಂತ ಕೇಳಿದರೆ ‘ತಲಿ ಜಡ ಆಗ್ಯಾದ, ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ಯಾದ’ ಅಷ್ಟೇ.

ತಲೆ, ಎದೆ ಅಂದಮೇಲೆ ನಾವು ತಲೆಗೂ ಎದೆಗೂ ತೋರಿಸಿದೆವು. ಊರಿನ ಡಾಕ್ಟರು ಶಕ್ತಿ ಬರಲಿ ಅಂತ ನಾಲ್ಕು ಸಲೈನ್ ಏರಿಸಿದರು. ಕಲಬುರಗಿಯಲ್ಲಿ ಇಸಿಜಿ ಆಯಿತು, ತಲೆಯ ಸ್ಕ್ಯಾನ್ ಆಯಿತು, ಎಲ್ಲ ನಾರ್ಮಲ್ ಅಂತ ಬಂತು. ನಾರ್ಮಲ್ ಅಂದಾಗ ಕಾಕಾ ಇನ್ನಷ್ಟು ಕುಗ್ಗಿದ, ತನ್ನ ನೋವನ್ನು ಯಾರೂ ನಂಬುತ್ತಿಲ್ಲ ಅಂತ. ಆಮೇಲೆ ಲಿಂಬೆಹಣ್ಣು, ತಾಯತ, ಯಾರೋ ಮಾಟ ಮಾಡಿಸಿದ್ದಾರೆ ಅನ್ನೋ ಮಾತು, ಭಾಗದ ಜಗಳ ಇದ್ದವರ ಹೆಸರು. ಗಾಣಗಾಪುರಕ್ಕೂ ಹೋದೆವು, ಸಂಗಮದಲ್ಲಿ ಸ್ನಾನ ಮಾಡಿಸಿದೆವು. ಹೋಗಬೇಡಿ ಅಂತ ನಾನು ಹೇಳುವವನಲ್ಲ. ಕಾಕು, ಅಂದರೆ ಕಾಕಾನ ಹೆಂಡತಿ, ಒಂದು ವರ್ಷದಿಂದ ತಡೆದುಕೊಂಡಿದ್ದ ಅಳುವನ್ನು ಅಲ್ಲೇ, ಗುಡಿಯ ಮುಂದೆ ಅತ್ತಳು, ಅಲ್ಲಿ ಅತ್ತರೆ ಯಾರೂ ಯಾಕೆ ಅಂತ ಕೇಳುವುದಿಲ್ಲವಲ್ಲ. ಗುಡಿ ದರ್ಗಾಗಳಿಗೆ ಜನ ಹೋಗುವುದರಲ್ಲಿ ಮೂಢನಂಬಿಕೆ ಎಷ್ಟಿದೆಯೋ, ಸಂಕಟ ಹೇಳಿಕೊಳ್ಳಲು ಜಾಗ ಸಿಗುತ್ತದೆ ಅನ್ನೋದೂ ಅಷ್ಟೇ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ-ದುವಾ ಎರಡನ್ನೂ ಜೋಡಿಸಿದ್ದಾರೆ, ಪ್ರಾರ್ಥನೆಗೆ ಬಂದವರಿಗೆ ಅಲ್ಲೇ ಮನೋರೋಗದ ಡಾಕ್ಟರೂ ಸಿಗುತ್ತಾರೆ. ನನಗೆ ಅದು ಸರಿ ಅನಿಸುತ್ತದೆ. ಸರಪಳಿ ಹಾಕಿ ಕಟ್ಟುವುದು ಮಾತ್ರ ಬೇರೆ ಮಾತು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಹತ್ತಿರ ಮನೋರೋಗಿಗಳನ್ನು ಇಟ್ಟಿದ್ದ ಮನೆಗೆ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ 28 ಜನ ಸತ್ತರು, ಕಟ್ಟಿಹಾಕಿದ್ದಕ್ಕೆ ಓಡಲು ಆಗದೆ.

ಈ ಒಪಿಡಿಯ ವಿಷಯ ಹೇಳಿದ್ದು ನಮ್ಮೂರ ಆಶಾ ಕಾರ್ಯಕರ್ತೆ, ನಮ್ಮ ಆಶಾ ಅಕ್ಕ. ಹೇಳಿದ ರೀತಿ ಹೇಗಿತ್ತು ಗೊತ್ತಾ? ‘ಮಾನಸಿಕ’ ಅನ್ನೋ ಮಾತೇ ಬರಲಿಲ್ಲ ಅವರ ಬಾಯಲ್ಲಿ. ‘ಮಂಗಳವಾರ ನರದ ಡಾಕ್ಟ್ರು ಬರ್ತಾರ, ನಿದ್ದಿ ಬರಂಗ ಗುಳಿಗಿ ಕೊಡ್ತಾರ, ರೊಕ್ಕ ಇಲ್ಲ’ ಅಂದರು. ಕಾಕಾ ಎದ್ದು ಅಂಗಿ ಹಾಕಿಕೊಂಡ. ಹುಚ್ಚರ ಡಾಕ್ಟರು ಅಂದಿದ್ದರೆ ಇವತ್ತಿಗೂ ಮನೆಯಲ್ಲೇ ಇರುತ್ತಿದ್ದ. ಇದು ಸುಳ್ಳಲ್ವಾ ಅಂತ ಪಟ್ಟಣದ ಗೆಳೆಯನೊಬ್ಬ ವಾದ ಮಾಡಿದ. ಇರಲಿ ಬಿಡಪ್ಪ, ಆ ಸುಳ್ಳಿಂದಲೇ ಅವನು ಬಸ್ ಹತ್ತಿದ.

ಈಗ ಒಪಿಡಿಗೆ ಬರೋಣ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋರೋಗ ತಜ್ಞರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಹಳ್ಳಿ ಕಡೆಗೇ ಚಿಕಿತ್ಸೆ ತರಬೇಕು ಅನ್ನೋ ವಿಚಾರ ಮೊಳೆತದ್ದರಲ್ಲಿ ನಮ್ಮ ಭಾಗದ ಪಾಲು ದೊಡ್ಡದು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದನ್ನೇ ಮಾದರಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದರು. ಮಾದರಿ ನಮ್ಮದು, ನಮಗೆ ತಲುಪಿದ್ದು ಆಶಾ ಅಕ್ಕ ಬಾಯಿಬಿಟ್ಟ ಮೇಲೆ.

ಒಳ್ಳೆಯದು ಮೊದಲು. ಚೀಟಿ ಮಾಡಿಸುವ ಸಾಲು ಎಲ್ಲರಿಗೂ ಒಂದೇ. ಬಿಪಿ, ಶುಗರ್, ಕೆಮ್ಮು, ಬಾಣಂತಿ, ಎಲ್ಲರ ನಡುವೆ ನಿಲ್ಲುತ್ತೀರಿ. ಮೊದಲ ದಿನ ನಮ್ಮೂರಿನವರು ಮೂರು ಜನ ಸಿಕ್ಕರು, ಕಾಕಾ ‘ಬಿಪಿ ತೋರ್ಸಾಕ ಬಂದೀನಿ’ ಅಂದ, ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಇದನ್ನು ಯಾರಾದರೂ ಯೋಚನೆ ಮಾಡಿ ಮಾಡಿದ್ದಾರೋ, ಇನ್ನೊಂದು ಕೌಂಟರ್ ಇಡಲು ಜಾಗ ಇಲ್ಲದ್ದಕ್ಕೆ ಹೀಗಾಗಿದೆಯೋ ಗೊತ್ತಿಲ್ಲ. ಹೇಗೇ ಇರಲಿ, ಈ ಒಪಿಡಿಯ ಅತಿ ಒಳ್ಳೆಯ ಸೌಲಭ್ಯ ಇದೇ.

ಡಾಕ್ಟರು ಚಿಕ್ಕ ವಯಸ್ಸಿನವರು, ಮೈಸೂರು ಕಡೆಯವರು ಅನಿಸಿತು. ‘ಯಜಮಾನ್ರೇ, ಮನಸ್ಸಿಗೆ ಬೇಜಾರಾಗುತ್ತಾ?’ ಅಂದರು. ಕಾಕಾ ‘ಇಲ್ರಿ’ ಅಂದ. ‘ಖಿನ್ನತೆ ಥರ ಏನಾದರೂ?’ ‘ಇಲ್ರಿ.’ ನನಗೆ ಒಳಗೊಳಗೇ ಸಿಟ್ಟು ಬಂತು. ಆಗ ಪಕ್ಕದಲ್ಲಿ ಕೂತಿದ್ದ ಕೌನ್ಸೆಲರ್ ಅಕ್ಕ, ನಮ್ಮ ಕಡೆಯವರೇ, ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಂಡು ಕೇಳಿದರು: ‘ಕಾಕಾ, ರಾತ್ರಿ ತಲ್ಯಾಗ ಏನರ ಓಡ್ಯಾಡ್ತದೇನ್ರಿ?’ ಕಾಕಾ ತಲೆ ಎತ್ತಿದ. ‘ಓಡ್ಯಾಡ್ತದ್ರಿ ಅವ್ವಾ. ನಿಂದ್ರಂಗೇ ಇಲ್ರಿ ಅದು’ ಅಂದ. ಅಲ್ಲಿಂದ ಇಪ್ಪತ್ತು ನಿಮಿಷ ಮಾತಾಡಿದ. ಎತ್ತು, ಮಗಳು, ಬ್ಯಾಂಕಿನ ಹುಡುಗ ಮನೆ ಬಾಗಿಲಲ್ಲಿ ನಿಂತು ಕೂಗಿದ್ದು, ನಮಗೆ ಯಾರಿಗೂ ಹೇಳದ್ದೆಲ್ಲ. ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದ. ಡಾಕ್ಟರು ಬರೆಯುವುದು ಬಿಟ್ಟು ಕೇಳಿಸಿಕೊಂಡರು, ಅದಕ್ಕೆ ಅವರಿಗೂ ಮಾರ್ಕ್ಸ್ ಕೊಡುತ್ತೇನೆ.

ಆಮೇಲೆ ನೇರವಾಗಿಯೇ ಕೇಳಿದರು, ಜೀವ ಸಾಕು ಅನಿಸುತ್ತದಾ ಅಂತ. ಕಾಕು ನಡುವೆ ಬಾಯಿ ಹಾಕಿ ‘ಹಂಗೇನಿಲ್ರಿ, ಏನೂ ಇಲ್ರಿ’ ಅಂದಳು. ಅವಳ ಹೆದರಿಕೆ ಪೊಲೀಸರದ್ದು, ಕೇಸ್ ಆಗುತ್ತದೆ ಅಂತ. ಅವಳು ಆಗಲೇ ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿಯನ್ನು ತವರಿಗೆ ಸಾಗಿಸಿದ್ದಳು ಅಂತ ನನಗೆ ಗೊತ್ತಾಗಿದ್ದೂ ಅವತ್ತೇ. ಡಾಕ್ಟರು ಸಮಾಧಾನವಾಗಿ ಹೇಳಿದರು: 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಅಂಥ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ, ಆರೈಕೆ ಕೊಡಬೇಕಾದ್ದು ಸರ್ಕಾರದ ಕೆಲಸ. ಕೇಳಿದ ಮಾತ್ರಕ್ಕೆ ಆ ವಿಚಾರ ಹೊಸದಾಗಿ ತಲೆಗೆ ಹೊಕ್ಕುವುದಿಲ್ಲ ಅಂತಲೂ ಅಂದರು. ಡಬ್ಬಿ ವಿಷಯ ಹೇಳಿದಾಗ ಕಾಕುವಿಗೆ ‘ಬಹಳ ಒಳ್ಳೆಯ ಕೆಲಸ ಮಾಡಿದ್ದೀರಮ್ಮ’ ಅಂದರು. ಒಂದೂವರೆ ವರ್ಷದಲ್ಲಿ ಯಾರಾದರೂ ಕಾಕುವಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಗುಳಿಗೆ ಎರಡು. ಬೆಳಿಗ್ಗೆ ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ರಾತ್ರಿ ಸ್ವಲ್ಪ ದಿನಕ್ಕೆ ಅಂತ ನಿದ್ದೆ ಗುಳಿಗೆ. ಇಲ್ಲಿ ನಾವು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಬೆಳಗಿನ ಗುಳಿಗೆ ಕೆಲಸ ಶುರು ಮಾಡಲು ಎರಡು ಮೂರು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. ಕಾಕಾ ಎಂಟನೇ ದಿನಕ್ಕೇ ‘ಏನೂ ಫರಕ್ ಇಲ್ಲ’ ಅಂತ ಬಿಟ್ಟ. ಮತ್ತೆ ಹೋಗಿ ಬೈಸಿಕೊಂಡು ಬಂದು ಶುರು ಮಾಡಿದ. ನಾಲ್ಕನೇ ವಾರ ಒಂದು ದಿನ ತಾನಾಗಿಯೇ ಇನ್ನೊಂದು ರೊಟ್ಟಿ ಕೇಳಿದ. ಮೂರು ತಿಂಗಳಿಗೆ ‘ಆರಾಮ್ ಆಗೀನಿ’ ಅಂತ ಮತ್ತೆ ಬಿಟ್ಟ, ಮತ್ತೆ ಕೊಟ್ಟಿಗೆ ಸೇರಿದ. ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ತೆಗೆದುಕೊಳ್ಳಬೇಕು, ಬಿಡುವಾಗ ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಬಿಡಬೇಕು. ‘ಚಟ ಆಗ್ತದ’ ಅಂತ ಊರಲ್ಲಿ ಎಲ್ಲರೂ ಹೆದರಿಸುತ್ತಾರೆ. ಚಟದ ಭಯ ಇರುವುದು ನಿದ್ದೆ ಗುಳಿಗೆಗೆ, ಅದಕ್ಕೇ ಅದನ್ನು ಕಡಿಮೆ ದಿನ ಕೊಡುತ್ತಾರೆ. ಬೆಳಗಿನದು ಚಟ ಹಿಡಿಸುವ ಗುಳಿಗೆ ಅಲ್ಲ.

ಈಗ ಒಂದೂವರೆ ಮಾರ್ಕ್ಸ್ ಯಾಕೆ ಕಡಿಮೆ ಮಾಡಿದೆ ಅಂತ.

ಚೀಟಿ ಸಾಲಿನಲ್ಲಿ ಉಳಿಸಿದ ಮಾನವನ್ನು ಔಷಧಿ ಕಿಟಕಿಯಲ್ಲಿ ಕಳೆದುಬಿಡುತ್ತಾರೆ. ಎರಡನೇ ಸಲ ಹೋದಾಗ ಒಳಗಿದ್ದವ ಚೀಟಿ ನೋಡಿ ಗಂಟಲು ಹರಿಯುವಂತೆ ಕೂಗಿದ: ‘ತಲಿಕೆಟ್ಟ ಗುಳಿಗಿಯವ್ರು ಆ ಕಡಿ ನಿಂದರ್ರಿ!’ ಸಾಲಿಗೆ ಸಾಲೇ ತಿರುಗಿ ನೋಡಿತು. ಕಾಕಾ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಗೇಟಿನ ಹೊರಗೆ ಹೋಗಿ ನಿಂತ. ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅನ್ನೋದೂ ಅದೇ 2017ರ ಕಾಯ್ದೆಯಲ್ಲಿ ಹಕ್ಕು ಅಂತ ಬರೆದಿದೆ. ನಾನು ಹೋಗಿ ಹೇಳಿದೆ, ಜಗಳವೇ ಆಯಿತು. ಆಮೇಲೆ ಕೌನ್ಸೆಲರ್ ಅಕ್ಕ ಒಂದು ದಾರಿ ಮಾಡಿದರು, ಈಗ ನಮ್ಮ ಗುಳಿಗೆ ಅವರ ಟೇಬಲ್ಲಿಗೇ ಬರುತ್ತದೆ. ಆದರೆ ಅದು ಅವರ ಒಳ್ಳೆಯತನ, ಆಸ್ಪತ್ರೆಯ ವ್ಯವಸ್ಥೆ ಅಲ್ಲ. ಅವರು ರಜೆ ಹಾಕಿದ ದಿನ ಮತ್ತೆ ಕಿಟಕಿಯೇ ಗತಿ. ಇದೊಂದಕ್ಕೇ ಪೂರ್ತಿ ಒಂದು ಮಾರ್ಕ್ಸ್ ಕಟ್.

ಉಳಿದ ಅರ್ಧ ಮಾರ್ಕ್ಸ್ ಸಣ್ಣಪುಟ್ಟದ್ದಕ್ಕೆ. ಡಾಕ್ಟರು ಹನ್ನೊಂದಕ್ಕೆ ಬರುತ್ತಾರೆ, ಎರಡೂವರೆಯ ಬಸ್ ತಪ್ಪಿದರೆ ಸಂಜೆವರೆಗೂ ಸ್ಟ್ಯಾಂಡಿನಲ್ಲೇ. ಕೋಣೆಗೆ ಬಾಗಿಲಿಲ್ಲ, ಬರೀ ಪರದೆ, ಆಚೆ ಕೂತವರಿಗೆ ಎಲ್ಲ ಕೇಳುತ್ತದೆ, ಅದಕ್ಕೆ ಪಿಸುಗುಟ್ಟಬೇಕು. ಎರಡು ಸಲ ಗುಳಿಗೆ ಸ್ಟಾಕ್ ಇರಲಿಲ್ಲ, ಜನೌಷಧಿ ಅಂಗಡಿಯಲ್ಲಿ ತಂದೆವು, ಅಲ್ಲಿ ಅಗ್ಗವೇ ಬೀಳುತ್ತದೆ, ಆದರೆ ಹಬ್ಬದ ಹಿಂದೆ ಮುಂದೆ ಮುಚ್ಚಿರುತ್ತದೆ.

ಖರ್ಚು? ಸಲೈನ್, ಸ್ಕ್ಯಾನ್, ತಾಯತ, ಓಡಾಟ ಸೇರಿ ಮೊದಲು ಕಳೆದದ್ದರ ಲೆಕ್ಕ ಕಾಕು ಹೇಳುವುದೇ ಇಲ್ಲ. ಇಲ್ಲಿ ಡಾಕ್ಟರಿಗೆ ದುಡ್ಡಿಲ್ಲ, ಗುಳಿಗೆಗೆ ದುಡ್ಡಿಲ್ಲ. ಶಕ್ತಿ ಯೋಜನೆ ಇರುವುದರಿಂದ ಕಾಕುವಿಗೆ ಟಿಕೆಟ್ ದುಡ್ಡೂ ಇಲ್ಲ. ನಾನು ಬರಲು ಆಗದ ದಿನ ಅವಳೇ ಆಧಾರ್ ಕಾರ್ಡ್ ಸೆರಗಿಗೆ ಕಟ್ಟಿಕೊಂಡು ಕರೆದುಕೊಂಡು ಹೋಗುತ್ತಾಳೆ.

ಇನ್ನೊಂದು, ಮಂಗಳವಾರದವರೆಗೆ ಕಾಯುವ ಸ್ಥಿತಿ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ದಿನದ 24 ತಾಸೂ, ಕಾಲ್ ಫ್ರೀ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಕನ್ನಡದಲ್ಲಿ ಮಾತಾಡುತ್ತಾರೆ. ಕಾಕಾ ಎರಡನೇ ಸಲ ಗುಳಿಗೆ ಬಿಟ್ಟಾಗ ರಾತ್ರಿ ನಾನು ಮಾಡಿದ್ದೆ. ಮಾತಾಡಬೇಕಾದ್ದು ಕಾಕಾ, ಆದರೆ ಅವನು ಫೋನ್ ಹಿಡಿಯಲಿಲ್ಲ. ಆ ಕಡೆಯವರು ‘ಪರವಾಗಿಲ್ಲ, ನೀವೇ ಮಾತಾಡಿ’ ಅಂತ ನನ್ನ ಹತ್ತಿರವೇ ಮಾತಾಡಿದರು, ರಾತ್ರಿ ಅವನನ್ನು ಒಬ್ಬನೇ ಬಿಡಬೇಡಿ ಅಂದರು. ಮನೆಯವರೂ ಕಾಲ್ ಮಾಡಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ಒಪಿಡಿಯಲ್ಲಿ ಮಂಗಳವಾರ ಮೂವತ್ತೋ ನಲವತ್ತೋ ಜನ ಇರುತ್ತಾರೆ. ತಾಲೂಕಿನಲ್ಲಿ ಎಷ್ಟು ಹಳ್ಳಿ ಇವೆ, ನೀವೇ ಲೆಕ್ಕ ಹಾಕಿ. ಉಳಿದವರು ಎಲ್ಲಿದ್ದಾರೆ ಅಂತ ನನಗೆ ಗೊತ್ತು, ಕೆಲವರು ನಮ್ಮ ಓಣಿಯಲ್ಲೇ ಇದ್ದಾರೆ.

ಹೋಗುವವರಿಗೆ: ಒಂಬತ್ತೂವರೆಗೆ ಚೀಟಿ ಮಾಡಿಸಿ. ಹಳೆಯ ಚೀಟಿ, ಖಾಲಿಯಾದ ಗುಳಿಗೆಯ ಹಾಳೆ ಒಯ್ಯಿರಿ. ಊಟ ಕಟ್ಟಿಕೊಂಡು ಹೋಗಿ, ಎದುರಿನ ಹೋಟೆಲಿನ ಸೂಸಲಾ ಚೆನ್ನಾಗಿದೆ, ಚಹಾ ಬೇಡ. ರೋಗಿಯ ಜೊತೆ ರಾತ್ರಿ ಒಂದೇ ಮನೆಯಲ್ಲಿ ಮಲಗುವವರೊಬ್ಬರು ಬರಬೇಕು, ಡಾಕ್ಟರು ಕೇಳುವ ಅರ್ಧ ಪ್ರಶ್ನೆಗೆ ಅವರೇ ಉತ್ತರ ಕೊಡಬೇಕಾಗುತ್ತದೆ.

ಕಾಕಾ ಈ ವರ್ಷ ತೊಗರಿ ಹಾಕಿದ್ದಾನೆ, ಒಂದು ಎಕರೆಗೆ ಜೋಳ. ಮೊದಲಿನ ಹಾಗೆ ನಗುತ್ತಾನೆ ಅಂತ ಹೇಳಲಾರೆ, ಆದರೆ ಬೈಯುತ್ತಾನೆ, ಅದೂ ದೊಡ್ಡದೇ. ಹೋದ ಮಂಗಳವಾರ ಬಸ್ಸಿನಲ್ಲಿ ಕಂಡಕ್ಟರ್ ಗುರುತು ಹಿಡಿದು ‘ಯಾಕ ಕಾಕಾ, ವಾರ ವಾರ ದವಾಖಾನಿ?’ ಅಂದ. ‘ಬಿಪಿ ಅದಾರಿ’ ಅಂದ ಕಾಕಾ, ಕಿಟಕಿ ಕಡೆ ನೋಡುತ್ತಾ. ಕಾಕು ನನ್ನ ಮುಖ ನೋಡಿದಳು. ನಾನು ನನ್ನೊಬ್ಬನ ಟಿಕೆಟ್ಟಿಗೂ ಕಾಕಾನ ಟಿಕೆಟ್ಟಿಗೂ ದುಡ್ಡು ತೆಗೆದು ಕೊಟ್ಟೆ.